ಅಪ್ಪನಿಗೆ ಸಮುದ್ರದಲ್ಲಿ ಗಾಳ ಹಾಕುವ ಆಸೆ, ನನಗೆ ವಾಂತಿಯ ಚಿಂತೆ

ಭೀಮಾತೀರ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 64 ವರ್ಷ. ಅಫಜಲಪುರ ಕಡೆಯವರು, ಚಿಕ್ಕಂದಿನಿಂದ ಭೀಮಾ ದಂಡೆಯಲ್ಲಿ ಗಾಳ ಹಾಕಿಯೇ ಬೆಳೆದವರು. ಈಗಲೂ ಭಾನುವಾರ ಬಂತೆಂದರೆ ಹಿಟ್ಟಿನ ಉಂಡೆ ಕಟ್ಟಿಕೊಂಡು ಹೊಳೆಗೆ ಹೋಗುತ್ತಾರೆ. ಒಮ್ಮೆಯಾದರೂ ಸಮುದ್ರದಲ್ಲಿ ಗಾಳ ಹಾಕಬೇಕು ಅನ್ನೋದು ಅವರ ಬಹಳ ದಿನದ ಆಸೆ. ಜನವರಿಯಲ್ಲಿ ಮಲ್ಪೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಚಿಕ್ಕ ಬೋಟು ಗೊತ್ತು ಮಾಡಿದ್ದೇವೆ, ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್.

ಅಪ್ಪನಿಗೆ ಹರಿಗೋಲಿನಲ್ಲಿ ಏನೂ ಆಗೋದಿಲ್ಲ, ಆದರೆ ಘಟ್ಟದ ಬಸ್ಸು ಹತ್ತಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಸಮುದ್ರದಲ್ಲಿ ಹೇಗೋ ಏನೋ. ಬಿಪಿಗೆ ಮತ್ತು ಪ್ರಾಸ್ಟೇಟಿಗೆ ಗುಳಿಗೆ ನಡೆಯುತ್ತಿವೆ. ಏನು ತಿನ್ನಿಸಬೇಕು, ವಾಂತಿ ಗುಳಿಗೆ ಯಾವಾಗ ಕೊಡಬೇಕು? ಇಷ್ಟು ವರ್ಷ ಕಾದಿದ್ದಾರೆ, ಆ ದಿನ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ಮಲಗುವಂತೆ ಆಗಬಾರದು. ತಿಳಿದವರು ಹೇಳಿ.

ಶಹಾಪುರದವ (ಯಾದಗಿರಿ ಜಿಲ್ಲೆ):

ಅಕ್ಕಾ, ನಾನು ಮಲ್ಪೆಯ ಆಳಸಮುದ್ರದ ಬೋಟಿನಲ್ಲಿ ಕಲಾಸಿಯಾಗಿ, ಅಂದರೆ ಬೋಟಿನ ಕೆಲಸದಾಳಾಗಿ, ದುಡಿದು ಊರಿಗೆ ಬಂದವನು. ನಮ್ಮ ಕಡೆ ಹುಡುಗರು ಹೊಲದಿಂದ ನೇರ ಬೋಟಿಗೆ ಹತ್ತುತ್ತಾರೆ. ಮೊದಲೆರಡು ದಿನ ಅವರು ಪಡುವ ಪಾಡು ಕಣ್ಣಾರೆ ಕಂಡಿದ್ದೇನೆ. ಎರಡು-ಮೂರು ದಿನಕ್ಕೆ ಮೈ ಹೊಂದಿಕೊಳ್ಳುತ್ತದೆ. ನಿಮ್ಮಪ್ಪನಿಗೆ ಸಿಗೋದು ಅರ್ಧ ದಿನ. ಹಾಗಾಗಿ ಬರದ ಹಾಗೆ ನೋಡಿಕೊಳ್ಳೋದೇ ದಾರಿ, ಬಂದ ಮೇಲೆ ತಡೆಯೋದು ಕಷ್ಟ.

ಬೋಟು ಓಡುವಾಗ ವಾಂತಿ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಗಾಳ ಹಾಕುವವರಿಗೆ ಜಾಸ್ತಿ ಆಗೋದು ಬೋಟು ನಿಂತ ಮೇಲೆ. ಎಂಜಿನ್ ಬಂದ್ ಆದ ಕೂಡಲೇ ಬೋಟು ಅಲೆಗೆ ಅಡ್ಡ ತಿರುಗಿ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಮುಖಕ್ಕೆ ಬಡಿಯುತ್ತಿದ್ದ ಗಾಳಿ ನಿಲ್ಲುತ್ತದೆ. ಡೀಸೆಲ್ ವಾಸನೆ, ಗಾಳಕ್ಕೆ ಚುಚ್ಚುವ ಸಿಗಡಿ ವಾಸನೆ ಎರಡೂ ಮೂಗಿಗೆ ಹತ್ತುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಮನುಷ್ಯ ತಲೆ ಬಗ್ಗಿಸಿ, ಕಣ್ಣು ಕಿರಿದು ಮಾಡಿಕೊಂಡು ಕೊಕ್ಕೆಯ ಕಣ್ಣಿಗೆ ದಾರ ಪೋಣಿಸುತ್ತಾನೆ. ಮೈ ಅಲ್ಲಾಡುತ್ತಿದೆ ಅನ್ನುತ್ತದೆ ಒಳಕಿವಿ. ಕೈಯಲ್ಲಿರುವ ಕೊಕ್ಕೆ ನೋಡುತ್ತಿರುವ ಕಣ್ಣು ಏನೂ ಅಲ್ಲಾಡುತ್ತಿಲ್ಲ ಅನ್ನುತ್ತದೆ. ಇವೆರಡಕ್ಕೂ ತಾಳೆ ಆಗದಿದ್ದಾಗಲೇ ತಲೆ ಸುತ್ತಿ ಓಕರಿಕೆ ಶುರುವಾಗೋದು.

ಅದಕ್ಕೆ ಕೊಕ್ಕೆ ಕಟ್ಟುವ ಕೆಲಸ ಪೂರ್ತಿ ಮನೆಯಲ್ಲೇ ಮುಗಿಸಿ. ಕಲಬುರಗಿಯಲ್ಲಿ ಕಟ್ಟೆ ಮೇಲೆ ಕೂತು ಅಪ್ಪನೇ ಕಟ್ಟಲಿ, ಹೊಳೆ ಮೀನು ಹಿಡಿಯುವವರು ಬೇರೆಯವರ ಗಂಟು ನಂಬೋದಿಲ್ಲ. ಕೊಕ್ಕೆ, ಗೇಣುದ್ದ ತಂತಿ, ಸೀಸದ ಗುಂಡು ಸೇರಿಸಿ ಒಂದೊಂದು ಸೆಟ್ ಮಾಡಿ ಥರ್ಮಾಕೋಲ್ ತುಂಡಿಗೆ ಸುತ್ತಿಡಲಿ. ಸಮುದ್ರದಲ್ಲಿ ಒಂದು ಕಿತ್ತು ಹೋದರೆ ಇನ್ನೊಂದು ಸಿಕ್ಕಿಸಿದರಾಯಿತು. ಸಿಗಡಿ ಚುಚ್ಚೋದು, ಹಿಡಿದ ಮೀನು ಬಿಡಿಸೋದು ಬೋಟಿನ ಹುಡುಗರಿಗೆ ಬಿಡಿ. ಅಪ್ಪ ದಾರ ಬೆರಳಿಗೆ ಹಿಡಿದು ತಲೆ ಎತ್ತಿ ಕೂರಲಿ. ಮೀನು ಕಚ್ಚಿದ್ದು ಬೆರಳಿಗೇ ಗೊತ್ತಾಗುತ್ತದೆ, ನೀರು ನೋಡುವುದೇ ಬೇಡ. ದಡದ ತೆಂಗಿನ ಸಾಲನ್ನೋ, ಸೇಂಟ್ ಮೇರಿಸ್ ದ್ವೀಪವನ್ನೋ, ಯಾವುದು ಕಾಣುತ್ತದೋ ಅದನ್ನು ನೋಡುತ್ತಿರಲಿ. ಮೊಬೈಲ್ ನಿಮ್ಮ ಹತ್ತಿರ ಇರಲಿ.

ಕೂರುವ ಜಾಗ ಬೋಟಿನ ನಡುವೆ, ಸ್ವಲ್ಪ ಹಿಂದಕ್ಕೆ. ಮುಂದಿನ ತುದಿ ಎಲ್ಲಕ್ಕಿಂತ ಜಾಸ್ತಿ ಎದ್ದು ಬೀಳುತ್ತದೆ. ಹೊಗೆ ಯಾವ ಕಡೆ ಬರುತ್ತದೆ ನೋಡಿ ಅದರ ಎದುರು ಬದಿಗೆ ಕೂರಿಸಿ. ಬಿಸಿಲು ಅಂತ ಕ್ಯಾಬಿನ್ ಒಳಗೆ ಮಾತ್ರ ಕಳಿಸಬೇಡಿ, ಟೊಪ್ಪಿಗೆ ಹಾಕಿ ಹೊರಗೇ ಇರಲಿ.

ಜನವರಿ ಆರಿಸಿದ್ದು ಒಳ್ಳೆಯದಾಯ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತೆಯೇ ಇಲ್ಲ, ಅದಾಗಿ ಕೆಲವು ವಾರವೂ ಅಲೆ ಜೋರಿರುತ್ತದೆ. ಚಳಿಗಾಲದ ಬೆಳಗ್ಗೆ ಕಡಲು ಸಾಮಾನ್ಯವಾಗಿ ಶಾಂತ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಬೆಳಕು ಹರಿಯುತ್ತಲೇ ಹೊರಡಿ. ಮುಖ್ಯ, ಘಟ್ಟ ಇಳಿದ ದಿನವೇ ಬೋಟು ಹತ್ತಿಸಬೇಡಿ. ಒಂದು ರಾತ್ರಿ ಮಲ್ಪೆಯಲ್ಲಿ ಚೆನ್ನಾಗಿ ನಿದ್ದೆ ಆಗಲಿ.

ಔಷಧಿ ಅಂಗಡಿ (ಬೀದರ್):

ಮೇಡಂ, ಗುಳಿಗೆ ವಿಷಯಕ್ಕೆ ನಾನು ಹೇಳುತ್ತೇನೆ. ಪ್ರಯಾಣದ ವಾಂತಿಗೆ ನಮ್ಮಲ್ಲಿ ಹೆಚ್ಚು ಹೋಗೋದು ಅವೋಮಿನ್. ಅದರಲ್ಲಿರೋದು ಪ್ರೋಮೆಥಜಿನ್. ಸಿನ್ನರಿಜಿನ್ ಇರುವ ಸ್ಟುಜೆರಾನ್ ಕೂಡ ಕೊಡುತ್ತಾರೆ. ಇಂಥ ಗುಳಿಗೆ ಬೋಟು ಹತ್ತುವ ಒಂದೆರಡು ಗಂಟೆ ಮೊದಲೇ ಹೊಟ್ಟೆಯಲ್ಲಿರಬೇಕು. ಓಕರಿಕೆ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ.

ಆದರೆ ನಿಮ್ಮಪ್ಪನಿಗೆ ಪ್ರಾಸ್ಟೇಟ್ ಇದೆ ಅಂದಿರಿ. ದಯವಿಟ್ಟು ಅಂಗಡಿಯಲ್ಲಿ ಸುಮ್ನೆ ಕೇಳಿ ತಗೊಂಡು ಹೋಗಬೇಡಿ. ಪ್ರೋಮೆಥಜಿನ್ ಅಂಥವರಿಗೆ ಮೂತ್ರ ಕಟ್ಟಿಸಬಹುದು. ಬೋಟಿನಲ್ಲಿ ಹಾಗಾದರೆ ಬಹಳ ಒದ್ದಾಟ. ಕಣ್ಣಿನ ಒತ್ತಡ, ಅಂದರೆ ಗ್ಲಾಕೋಮಾ ಇದ್ದವರಿಗೂ ಇದೇ ಎಚ್ಚರಿಕೆ. ಬಿಪಿ ಗುಳಿಗೆ ಜೊತೆ ಸೇರಿದರೆ ಎದ್ದು ನಿಂತಾಗ ತಲೆ ತಿರುಗಬಹುದು. ಈಗ ನಡೆಯುತ್ತಿರುವ ಎಲ್ಲ ಗುಳಿಗೆಗಳ ಚೀಟಿ ಹಿಡಿದು ನಿಮ್ಮ ಡಾಕ್ಟರಿಗೆ ತೋರಿಸಿ, ಅವರು ಬರೆದದ್ದನ್ನೇ ಕೊಡಿ. ಬರೆದುಕೊಟ್ಟರೆ ಊರಲ್ಲಿರುವಾಗಲೇ, ರಜೆ ದಿನ, ಒಂದು ಕೊಟ್ಟು ನೋಡಿ. ಕೆಲವರು ಒಂದು ಗುಳಿಗೆಗೇ ಸಂಜೆವರೆಗೆ ಮಲಗಿಬಿಡುತ್ತಾರೆ. ಕುಡಿತದ ಜೊತೆ ಅಂತೂ ಬೇಡವೇ ಬೇಡ.

ಭೀಮಾತೀರ:

ಇಬ್ಬರಿಗೂ ತುಂಬಾ ಧನ್ಯವಾದ. ಮೂತ್ರದ ವಿಷಯ ನನಗೆ ಗೊತ್ತೇ ಇರಲಿಲ್ಲ, ಈ ವಾರವೇ ಡಾಕ್ಟರ್ ಹತ್ತಿರ ಹೋಗುತ್ತೇವೆ. ಕೊಕ್ಕೆ ಕಟ್ಟಲು ಹೇಳಿದ್ದಕ್ಕೆ ಅಪ್ಪ ಆಗಲೇ ಡಬ್ಬಿ ತೆಗೆದು ಕೂತಿದ್ದಾರೆ. ಗುಳಿಗೆ ಬೇಡ ಅಂದರೆ ಬೇರೆ ಏನಿದೆ? ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಲಾ?

ಬೀದರ್ ಮೇಷ್ಟ್ರು:

ಖಾಲಿ ಹೊಟ್ಟೆ ಬೇಡಮ್ಮ. ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ತಿರುಗಿದಾಗ ಈ ಕಾಯಿಲೆಯಿಂದ ಬಹಳ ನರಳಿದ. ಹೊಟ್ಟೆ ತಡೆದುಕೊಂಡದ್ದು ಒಣ ಬಿಸ್ಕತ್ತು ಮತ್ತು ಒಣದ್ರಾಕ್ಷಿ ಮಾತ್ರ ಅಂತ ಅವನು ತಂದೆಗೆ ಬರೆದಿದ್ದಾನೆ. ಅದೂ ಬೇಸರ ಬಂದ ಮೇಲೆ ಸಾಬೂದಾಣಿ. ನಮ್ಮ ಮನೆಯಲ್ಲಿ ಅದೆಲ್ಲ ಇದ್ದೇ ಇರುತ್ತದಲ್ಲ. ಒಂದೆರಡು ಕಡಕ್ ರೊಟ್ಟಿ ಮುರಿದು ಡಬ್ಬಿಗೆ ಹಾಕಿಕೊಳ್ಳಿ, ಒಂದು ಹಿಡಿ ಒಣದ್ರಾಕ್ಷಿ ಇಡಿ. ಆ ದಿನ ಬೆಳಿಗ್ಗೆ ಸುಸಲಾ-ಮಿರ್ಚಿ ಮಾತ್ರ ಬೇಡ, ಎಣ್ಣೆ ಖಾರ ಎರಡೂ ಆಗೋದಿಲ್ಲ. ಹಸಿ ಶುಂಠಿ ಚೂರು ಬೆಲ್ಲದ ಜೊತೆ ಚೀಪಲಿ. ಕೆಲವರಿಗೆ ಅದರಿಂದ ಆರಾಮ ಸಿಗುತ್ತದೆ.

ಶಹಾಪುರದವ (ಯಾದಗಿರಿ ಜಿಲ್ಲೆ):

ಮೇಷ್ಟ್ರು ಹೇಳಿದ್ದು ಸರಿ. ಅಕ್ಕಾ, ಇಷ್ಟು ಮಾಡಿಯೂ ಬರಬಹುದು, ಅದಕ್ಕೂ ತಯಾರಿ ಇರಲಿ. ಸುಮ್ಮನಾಗೋದು, ಆಕಳಿಸೋದು, ಮುಖ ಬಿಳಚಿ ತಣ್ಣನೆ ಬೆವರೋದು, ಇವು ಕಂಡರೆ ಅಪ್ಪ ಬಾಯಿಬಿಟ್ಟು ಹೇಳುವ ತನಕ ಕಾಯಬೇಡಿ. ಹಿರಿಯರು ಕೊನೆವರೆಗೂ ಹೇಳೋದಿಲ್ಲ. ಗಾಳ ಕೈಯಿಂದ ತಗೊಂಡು, ತಾಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಹೇಳಿ ಬೋಟು ನಿಧಾನಕ್ಕೆ ಓಡಿಸಲು ಕೇಳಿ. ಗಾಳಿ ತಾಗಿದರೆ ಎಷ್ಟೋ ಸಲ ಅಲ್ಲಿಗೇ ತಗ್ಗುತ್ತದೆ. ಇಲ್ಲದಿದ್ದರೆ ನಡುವಿನಲ್ಲಿ ಅಂಗಾತ ಮಲಗಿಸಿ ಕಣ್ಣು ಮುಚ್ಚಿಸಿ.

ವಾಂತಿ ಬಂದರೆ ಅಂಚಿಗೆ ಬಗ್ಗಲು ಬಿಡಬೇಡಿ, ಬಕೆಟ್ ಕೊಡಿ. ಬಗ್ಗಿದಾಗಲೇ ಜನ ನೀರಿಗೆ ಬೀಳೋದು. ಲೈಫ್ ಜಾಕೆಟ್ ದಡದಿಂದ ದಡದವರೆಗೆ ಮೈಮೇಲೇ ಇರಲಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪಾಕೀಟು ಓಆರ್‌ಎಸ್ ಕಲಸಿ ಒಯ್ಯಿರಿ. ವಾಂತಿ ಆದ ಮೇಲೆ ಒಂದೊಂದೇ ಗುಟುಕು ಕೊಡಿ, ಗಟಗಟ ಕುಡಿಸಿದರೆ ಮತ್ತೆ ಬರುತ್ತದೆ.

ಇನ್ನೊಂದು ಮಾತು ದುಡ್ಡು ಕೊಡುವ ಮೊದಲೇ ಮಾಡಿಕೊಳ್ಳಿ. ಅಪ್ಪನಿಗೆ ಆಗಲಿಲ್ಲ ಅಂದರೆ ಅರ್ಧಕ್ಕೇ ದಡಕ್ಕೆ ತಿರುಗಿಸಬೇಕು, ಬಾಡಿಗೆ ಪೂರ್ತಿ ಕೊಡುತ್ತೇವೆ ಅಂತ. ಅದಕ್ಕೇ ಬೇರೆ ಗುಂಪಿನ ಜೊತೆ ಸೇರಿಕೊಂಡು ಹೋಗಬೇಡಿ, ಬೋಟು ನಿಮ್ಮದೊಂದೇ ಇರಲಿ. ಬಂದರಿನಲ್ಲಿ ನಮ್ಮ ಕಡೆ ಹುಡುಗರು ಸಿಗುತ್ತಾರೆ. ಕಲಬುರಗಿಯವರು ಅಂತ ಹೇಳಿ, ಅಪ್ಪನ ಪಕ್ಕ ಒಬ್ಬ ಕೂರುತ್ತಾನೆ.