ಅಪ್‌ಡೇಟ್: ಹಣ ಪಾವತಿಯಾಗದ ರೈತರ ಹೆಸರುಗಳು ಈಗ ಪಟ್ಟಿಯಲ್ಲಿ ಬರುತ್ತಿವೆ

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರ ಲೆಕ್ಕವನ್ನು ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಸಂಗ್ರಹ ತಂತ್ರಾಂಶಕ್ಕೆ ಏರಿಸುತ್ತಿರುವ ನಾನು, ನವೆಂಬರ್‌ನಲ್ಲಿ ಹಣ ಪಡೆಯದ ರೈತರ ಹೆಸರೇ ಪಟ್ಟಿಯಲ್ಲಿ ಕಾಣುತ್ತಿಲ್ಲವೆಂದೂ, ಪಕ್ಕದ ಕೋಣೆಯ ಕಂಪ್ಯೂಟರ್‌ನಿಂದ ಸರ್ವರ್‌ಗೆ ಸಂಪರ್ಕ ಸಿಗುತ್ತಿಲ್ಲವೆಂದೂ ಕಳೆದ ವಾರ ಈ ವೇದಿಕೆಯಲ್ಲಿ ಕೇಳಿದ್ದೆ. ಎರಡೂ ಬಗೆಹರಿದಿವೆ.

ರೈತರ ಟೇಬಲ್‌ಗೆ ಪಾವತಿಯ ಟೇಬಲ್ಲನ್ನು ಲೆಫ್ಟ್ ಜಾಯಿನ್ (ಪಾವತಿ ಇಲ್ಲದಿದ್ದರೂ ಪ್ರತಿ ರೈತನ ಸಾಲನ್ನು ಉಳಿಸುವ ಜೋಡಣೆ) ಮಾಡಿದ್ದರೂ, ತಿಂಗಳ ಷರತ್ತನ್ನು ನಾನು ಜೋಡಣೆಯ ನಂತರ ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ಬರೆದಿದ್ದೆ. ಪಾವತಿಯೇ ಇಲ್ಲದ ರೈತನ ಸಾಲಿನಲ್ಲಿ ದಿನಾಂಕ ನಲ್, ಅಂದರೆ ಖಾಲಿ, ಆಗಿರುತ್ತದೆ. ನಲ್ ಅನ್ನು ಯಾವ ದಿನಾಂಕಕ್ಕಿಂತ ಹೆಚ್ಚು, ಕಡಿಮೆ ಅಥವಾ ಸಮವೆಂದು ಹೋಲಿಸಿದರೂ ಉತ್ತರ ನಿಜವೆಂದು ಬರುವುದಿಲ್ಲವಾದ್ದರಿಂದ, ಆ ಸಾಲು ಬಿಟ್ಟುಹೋಗಿ ನನ್ನ ಲೆಫ್ಟ್ ಜಾಯಿನ್ ಎರಡೂ ಟೇಬಲ್‌ಗಳಲ್ಲಿ ಹೊಂದುವ ಸಾಲುಗಳನ್ನಷ್ಟೇ ಉಳಿಸುವ ಇನ್ನರ್ ಜಾಯಿನ್‌ನಂತೆಯೇ ವರ್ತಿಸುತ್ತಿತ್ತು. ಷರತ್ತನ್ನು ಯಾವ ಸಾಲುಗಳು ಜೋಡಿಯಾಗಬೇಕೆಂದು ಹೇಳುವ ಆನ್ ಭಾಗಕ್ಕೆ ಸರಿಸಿ, ನಲ್ ಬದಲು 0 ತೋರಿಸಲು ಮೊತ್ತಕ್ಕೆ ಕೋಅಲೆಸ್ ಹಾಕಿದ ಕೂಡಲೇ, 62 ಕ್ವಿಂಟಲ್ ತಂದಿದ್ದ ಜಗಳೂರು ಕಡೆಯ ರೈತರೊಬ್ಬರ ಹೆಸರು, ಪಾವತಿ 0 ಎಂದು ತೆರೆಯ ಮೇಲೆ ಮೂಡಿತು. ಅವರ ಹಣ ಮರುದಿನವೇ ಸಂದಾಯವಾಯಿತು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಸರ್ವರ್‌ನಲ್ಲಿ ತೊಡಕು ಎರಡು ಕಡೆ ಇತ್ತು. ಸರ್ವರ್ ಯಾವ ವಿಳಾಸದಲ್ಲಿ ಕರೆಗೆ ಕಾಯಬೇಕೆಂದು ಹೇಳುವ ಬೈಂಡ್ ಅಡ್ರೆಸ್ 127.0.0.1 ಎಂದಿದ್ದುದರಿಂದ ಅದು ತನ್ನದೇ ಯಂತ್ರದ ಕರೆಗೆ ಮಾತ್ರ ಓಗೊಡುತ್ತಿತ್ತು. ಅದನ್ನು ಕಚೇರಿ ಜಾಲದ ವಿಳಾಸಕ್ಕೆ ಬದಲಿಸಿ ಸೇವೆಯನ್ನು ಮರುಚಾಲನೆ ಮಾಡಿದರೂ ಪ್ರವೇಶ ಸಿಗಲಿಲ್ಲ, ಏಕೆಂದರೆ ಬಳಕೆದಾರನನ್ನು ಲೋಕಲ್‌ಹೋಸ್ಟ್‌ಗೆ, ಅಂದರೆ ಸರ್ವರ್ ಇರುವ ಯಂತ್ರಕ್ಕೆ, ಮಾತ್ರ ಸೃಷ್ಟಿಸಿದ್ದೆ. ಕಚೇರಿ ಜಾಲಕ್ಕೂ ಸೃಷ್ಟಿಸಿದ ಮೇಲೆ ಸಂಪರ್ಕ ಸಿಕ್ಕಿತು. ನೀವು ಎಚ್ಚರಿಸಿದಂತೆ ಮೈಎಸ್‌ಕ್ಯೂಎಲ್ ಸಂಪರ್ಕ ಪಡೆಯುವ 3306 ಪೋರ್ಟನ್ನು ಇಂಟರ್ನೆಟ್‌ಗೆ ತೆರೆಯದೆ ಕಚೇರಿಯ ಜಾಲಕ್ಕಷ್ಟೇ ಬಿಟ್ಟಿದ್ದೇನೆ. ತಾಳ್ಮೆಯಿಂದ ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.