ಅಡಗಿದ ಹೆಪಟೈಟಿಸ್ ಬಿ: ಎಲೈಸಾ ನೆಗೆಟಿವ್ ಅಂದ್ರೆ ಸಾಕಾ?

ಡೊಂಬಿವ್ಲಿ ಸಂಘ: ಗಣೇಶೋತ್ಸವದ ರಕ್ತದಾನ ಶಿಬಿರಕ್ಕೆ ಇಬ್ಬರು ಬ್ಲಡ್ ಸೆಂಟರ್‌ನವರು ಬರ್ತೀವಿ ಅಂದಿದ್ದಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ, ಈ ಐದು ಕಡ್ಡಾಯ ಪರೀಕ್ಷೆ ಇಬ್ಬರದ್ದೂ ಇದೆ. ಒಬ್ಬರು ಮಾತ್ರ ನ್ಯಾಟ್ (ವೈರಸ್ಸಿನ ಜೀನನ್ನೇ ಹುಡುಕೋ ಪರೀಕ್ಷೆ) ಕೂಡ ಮಾಡ್ತಾರೆ. ಅದರಿಂದ ಹೆಚ್ಚಿಗೆ ಸಿಗೋದೇನು?

ಪರೇಲ್ ಲ್ಯಾಬ್: ಹೆಪಟೈಟಿಸ್ ಬಿಗೆ ಆ ಕಡ್ಡಾಯ ಪರೀಕ್ಷೆ ಸಾಮಾನ್ಯವಾಗಿ ಎಲೈಸಾ. ಅದು ಹುಡುಕೋದು ವೈರಸ್ಸಿನ ಮೇಲ್ಪದರದ ಪ್ರೋಟೀನ್, ಅಂದ್ರೆ ಎಚ್‌ಬಿಎಸ್‌ಎಜಿ. ಸೋಂಕು ತಗುಲಿದ ಮೊದಲ ಕೆಲವು ವಾರ ಅದು ಸಿಗಲ್ಲ. ಹಳೇ ಸೋಂಕಲ್ಲೂ ಎಷ್ಟೋ ಸಲ ಸಿಗಲ್ಲ: ವೈರಸ್ಸಿನ ಡಿಎನ್‌ಎ ಲಿವರ್ ಕೋಶದೊಳಗೆ ಉಳಿದು ಆಗಾಗ ರಕ್ತಕ್ಕೆ ಒಂದಿಷ್ಟು ಬಿಡ್ತಾ ಇರುತ್ತೆ. ಇದೇ ಅಡಗಿದ ಸೋಂಕು. ಡಿಎನ್‌ಎ ಸಾಮಾನ್ಯವಾಗಿ ಮಿಲಿಗೆ 200 ಐಯು (ಅಂತರರಾಷ್ಟ್ರೀಯ ಅಳತೆ ಘಟಕ)ಗಿಂತ ಕಮ್ಮಿ, ಹಲವರಲ್ಲಿ 20ರ ಕೆಳಗೆ. ನ್ಯಾಟ್ ಹುಡುಕೋದು ಈ ಡಿಎನ್‌ಎಯನ್ನೇ.

ಠಾಣೆ ಡಾಕ್ಟ್ರು: ನ್ಯಾಟ್ ಅಂತ ಬೋರ್ಡ್ ಇದ್ರೆ ಸಾಲದು. ಆರು ದಾನಿಗಳ ಪ್ಲಾಸ್ಮಾ (ರಕ್ತದ ದ್ರವ ಭಾಗ) ಬೆರೆಸಿ ಒಂದೇ ಟೆಸ್ಟ್ ಮಾಡಿದ್ರೆ ಖರ್ಚು ಉಳಿಯುತ್ತೆ, ಸರಿ. ಆದ್ರೆ 3 ಐಯು ಹಿಡಿಯೋ ಕಿಟ್‌ಗೆ ಸೋಂಕಿದ್ದ ಒಬ್ಬನ ರಕ್ತದಲ್ಲಿ ಆಗ 18 ಬೇಕು, ಬೆರೆಸಿದಾಗ ಆರು ಪಟ್ಟು ತೆಳುವಾಗುತ್ತಲ್ಲ. ಅಡಗಿದ ಸೋಂಕು ಜಾರಿಕೊಳ್ಳೋದು ಅಲ್ಲೇ.

ಮುಲುಂಡ್ ಶೆಟ್ಟಿ: ಹಾಗಿದ್ರೆ ಕೋರ್ ಆಂಟಿಬಾಡಿ, ಅಂದ್ರೆ ವೈರಸ್ಸಿನ ಒಳತಿರುಳಿನ ವಿರುದ್ಧ ದೇಹ ಮಾಡೋ ಪ್ರತಿಕಾಯ, ಯಾಕೆ ನೋಡಬಾರ್ದು ಮಾರಾಯ್ರೇ? ಅಗ್ಗ, ಎಲೈಸಾ ಮೆಷಿನ್ನಲ್ಲೇ ಆಗುತ್ತೆ. ಅಮೆರಿಕದಲ್ಲಿ 1980ರ ದಶಕದಿಂದ ಇದೆ.

ಠಾಣೆ ಡಾಕ್ಟ್ರು: ಶೆಟ್ರೇ, ನಮ್ಮಲ್ಲಿ ಒಮ್ಮೆ ಸೋಂಕು ಬಂದು ವಾಸಿಯಾದವರು ಬಹಳ. ಅವರಿಗೂ ಅದು ಪಾಸಿಟಿವ್ ಬರುತ್ತೆ. ಏಪ್ರಿಲ್-ಮೇ ತಿಂಗಳಲ್ಲಿ ಮುಂಬಯಿ ಖಾಲಿಯಾಗಿ ಕಾಲೇಜು ಶಿಬಿರಗಳೂ ನಿಲ್ತಾವೆ. ಆವಾಗ ಒಳ್ಳೇ ಬ್ಯಾಗನ್ನೆಲ್ಲ ಬಿಸಾಡಿ ಥಲಸ್ಸೀಮಿಯಾ ಮಕ್ಕಳಿಗೆ ಏನ್ ಕೊಡೋದು? ಅವರಿಗೆ ಎರಡು-ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಮೇಲಾಗಿ ಹೊಸ ಸೋಂಕಿನ ಆರಂಭದಲ್ಲಿ ಕೋರ್ ಆಂಟಿಬಾಡಿಯೂ ಇರಲ್ಲ.

ಮುಲುಂಡ್ ಶೆಟ್ಟಿ: ಎಲ್ಲ ಯಾಕೆ ಬಿಸಾಡ್ಬೇಕು? ಜರ್ಮನಿಯಲ್ಲಿ ಕೋರ್ ಪಾಸಿಟಿವ್ ಇದ್ರೂ ಡಿಎನ್‌ಎ ಇಲ್ಲದೆ, ಆಂಟಿ-ಎಚ್‌ಬಿಎಸ್ (ಮೇಲ್ಪದರದ ಪ್ರೋಟೀನ್ ವಿರುದ್ಧದ ರಕ್ಷಕ ಪ್ರತಿಕಾಯ) ಲೀಟರಿಗೆ 100 ಐಯು ದಾಟಿದ್ರೆ ತಗೊಳ್ತಾರೆ.

ಪರೇಲ್ ಲ್ಯಾಬ್: ಅದು ನ್ಯಾಟ್ ಇದ್ದವರಿಗೆ ಸರಿ ಶೆಟ್ರೇ. ನ್ಯಾಟ್ ಇಲ್ಲದ ಕಡೆ ಆ ಲೆಕ್ಕ ಶುರುವೇ ಆಗಲ್ಲ.

ಲ್ಯಾಬಲ್ಲಿ ನನಗೆ ತಲೆನೋವು ಬೇರೆ. ನ್ಯಾಟ್‌ಗೆ ಒಂದೊಂದೇ ಸ್ಯಾಂಪಲ್ ಹಾಕಿದ್ರೂ ಮೊದಲ ಸಲ ರಿಯಾಕ್ಟಿವ್ (ವೈರಸ್ ಇದೆ ಅನ್ನೋ ಫಲಿತಾಂಶ), ಮತ್ತೆ ಹಾಕಿದ್ರೆ ನಾನ್-ರಿಯಾಕ್ಟಿವ್. 'ಕಂಟಾಮಿನೇಶನ್' (ಹೊರಗಿಂದ ಬೆರೆತದ್ದು) ಅಂತ ಬರೆದು ಕೈ ತೊಳ್ಕೊಳ್ಳೋದು ಸುಲಭ. ಆದ್ರೆ 1 ಐಯು ಅಂದ್ರೆ ಸುಮಾರು ಐದು ವೈರಸ್ ಕಣ. ಮಿಲಿಗೆ 1 ಐಯು ಇರುವಲ್ಲಿ ಅರ್ಧ ಮಿಲಿ ಎತ್ತಿದ್ರೆ ಎರಡೋ ಮೂರೋ ಬರ್ತಾವೆ, ಒಮ್ಮೊಮ್ಮೆ ಒಂದೂ ಇಲ್ಲ. ಹಂಡೆ ಪಾಯಸಕ್ಕೆ ನಾಲ್ಕೇ ದ್ರಾಕ್ಷಿ ಹಾಕಿದಂಗೆ, ಪ್ರತಿ ಸೌಟಲ್ಲೂ ಸಿಗಲ್ಲ. ಅಂಥ ದಾನಿಗೆ ಕೋರ್ ಆಂಟಿಬಾಡಿ ನೋಡಿ. ಅದು ಪಾಸಿಟಿವ್ ಇದ್ರೆ ಆ ರಿಯಾಕ್ಟಿವ್ ನಿಜವಾದ ಸೋಂಕೇ ಇರಬೇಕು ಅನ್ನೋದು ಗಟ್ಟಿಯಾಗುತ್ತೆ. ಶೆಟ್ರ ಪರೀಕ್ಷೆ ಉಪಯೋಗಕ್ಕೆ ಬರೋದು ಇಲ್ಲಿ, ಎಲ್ಲರಿಗೂ ಅಲ್ಲ.

ಠಾಣೆ ಡಾಕ್ಟ್ರು: ಅದೇ ದಾನಿಯ ಪ್ಲಾಸ್ಮಾ ಬ್ಯಾಗ್ ಮಾತ್ರ ಮರೀಬೇಡಿ. ಕೆಂಪುಕಣದ ಬ್ಯಾಗಲ್ಲಿ ಉಳಿಯೋ ಪ್ಲಾಸ್ಮಾ 10-20 ಮಿಲಿ, ಎಫ್‌ಎಫ್‌ಪಿಯಲ್ಲಿ (ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾ ಬ್ಯಾಗ್) ಸುಮಾರು 200. ಮಿಲಿಗೆ 1 ಐಯು ಅಂದ್ಕೊಂಡ್ರೂ ರೋಗಿಗೆ ಹೋಗೋದು ಸಾವಿರದಷ್ಟು ಕಣ.

ಡೊಂಬಿವ್ಲಿ ಸಂಘ: ಶಿಬಿರದಲ್ಲಿ ನಾವೇನು ನೋಡ್ಕೊಬೇಕು?

ಪರೇಲ್ ಲ್ಯಾಬ್: ನ್ಯಾಟ್ ಸ್ಯಾಂಪಲ್ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ರಾಸಾಯನಿಕ) ಟ್ಯೂಬಲ್ಲೇ ಹೋಗ್ಬೇಕು. ಹೆಪ್ಪು ತಡೆಯೋ ಇನ್ನೊಂದು ವಸ್ತು ಹೆಪಾರಿನ್ ಪಿಸಿಆರ್ (ಡಿಎನ್‌ಎ ಪ್ರತಿ ಹೆಚ್ಚಿಸೋ ವಿಧಾನ) ಕೆಡಿಸುತ್ತೆ. ಸಂಜೆ ಟ್ರಾಫಿಕ್ಕಲ್ಲಿ ಟ್ಯೂಬ್ ಬಿಸಿ ವ್ಯಾನಲ್ಲಿ ಉಳಿಯದ ಹಾಗೆ ಕೂಲ್ ಬಾಕ್ಸ್, ಮತ್ತೆ ಕಿಟ್‌ನಲ್ಲಿ ಬರೆದ ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡ್ಬೇಕು. ಸೆಂಟರ್‌ನವರಿಗೆ ಎರಡೇ ಪ್ರಶ್ನೆ ಕೇಳಿ: ಒಂದೊಂದೇ ಹಾಕ್ತೀರೋ, ಪೂಲೋ (ಹಲವರದ್ದು ಬೆರೆಸಿ)? ಮೊದಲು ರಿಯಾಕ್ಟಿವ್ ಬಂದು ಆಮೇಲೆ ಬರದ ಬ್ಯಾಗನ್ನ ಏನ್ ಮಾಡ್ತೀರಿ?

ಮುಲುಂಡ್ ಶೆಟ್ಟಿ: ಎರಡನೇದಕ್ಕೆ 'ಕೊಟ್ಟುಬಿಡ್ತೀವಿ' ಅಂದ್ರೆ ಇನ್ನೊಬ್ಬರನ್ನ ಕರೀರಿ.

ಠಾಣೆ ಡಾಕ್ಟ್ರು: ಆ ಇನ್ನೊಬ್ಬರ ಹತ್ರ ನ್ಯಾಟೇ ಇಲ್ಲವಲ್ಲ ಶೆಟ್ರೇ!