ಒಲೆ, ಸಿಲಿಂಡರ್ ಎತ್ತಿಕೊಂಡು ಹೋದರು, ಒಂದು ಚೀಟಿಯೂ ಕೊಡಲಿಲ್ಲ. ಹೀಗೆ ಮಾಡಬಹುದಾ?

ಮಂಡಕ್ಕಿ ಮನೆ ಮಗಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಪಿ.ಬಿ. ರಸ್ತೆ ಹತ್ತಿರ ತಳ್ಳುಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮಾರುತ್ತಾರೆ. ಹನ್ನೊಂದು ವರ್ಷ ಆಯಿತು. ಬೀದಿ ವ್ಯಾಪಾರಿ ಪ್ರಮಾಣಪತ್ರ ಇದೆ. ಹೋದ ಗುರುವಾರ ಸಂಜೆ ಸರ್ಕಾರಿ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದರು. ಎಣ್ಣೆ ಆಗಷ್ಟೇ ಕಾದಿತ್ತು. ಒಲೆ ಆರಿಸಿ ಅಂದರು. ಸಿಲಿಂಡರ್, ಒಲೆ, ಬಾಣಲೆ, ಕಲಸಿಟ್ಟ ಹಿಟ್ಟಿನ ಸಮೇತ ಪಾತ್ರೆ, ಎಲ್ಲ ಜೀಪಿಗೆ ಹಾಕಿಸಿದರು. ದಂಡ ಅಂತ ₹3,000 ತೆಗೆದುಕೊಂಡರು. ರಸೀದಿ ಇಲ್ಲ. ಯಾಕೆ ಸಾರ್ ಅಂದರೆ "ಮೇಲಿನಿಂದ ಆದೇಶ ಇದೆ" ಅಷ್ಟೇ. ಆದೇಶದ ಪ್ರತಿ ತೋರಿಸಲಿಲ್ಲ. ಯಾವ ಇಲಾಖೆ ಅಂತ ಇಲ್ಲಿ ಬರೆಯುವುದಿಲ್ಲ. ಬಾಯಿಮಾತಿನ ಆದೇಶಕ್ಕೆ ಅಷ್ಟು ಬಲ ಇದೆಯಾ? ಅಮ್ಮ ಅವತ್ತಿಂದ ಸರಿಯಾಗಿ ಊಟ ಮಾಡಿಲ್ಲ.

ಹರಿಹರದ ಅಣ್ಣ

ತಂಗಿ, ಸುಮ್ನೆ ಅವರನ್ನು ಎದುರು ಹಾಕಿಕೊಳ್ಳಬೇಡಿ. ನಾಳೆ ಮತ್ತೆ ಅದೇ ರಸ್ತೆಯಲ್ಲಿ ಗಾಡಿ ನಿಲ್ಲಿಸಬೇಕಲ್ವಾ? ಒಳ್ಳೆ ಮಾತಲ್ಲಿ ಕೇಳಿ ಬಿಡಿಸಿಕೊಳ್ಳಿ.

ನಿವೃತ್ತ ಗುಮಾಸ್ತ, ಚಿತ್ರದುರ್ಗ

ನೋಡಮ್ಮ, ನಾನು 33 ವರ್ಷ ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದವನು. ಯಾವ ಕಾಯ್ದೆ, ಯಾವ ಕಲಂ ಅಂತ ಬರೆಯದೆ ಫೈಲು ಮೇಲಕ್ಕೆ ಕಳಿಸಬೇಡ ಅಂತ ನಮ್ಮ ಹಿರಿಯ ಗುಮಾಸ್ತರು ಮೊದಲ ವಾರವೇ ಕಲಿಸಿದ್ದರು. ಹಾಗಾಗಿ ಇದನ್ನು ಓದಿ ನನಗೆ ತುಂಬ ಬೇಜಾರಾಯಿತು.

ದುಡಿದು ತಿನ್ನುವ ಹಕ್ಕು ನಿಮ್ಮಮ್ಮನಿಗೆ ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಅದಕ್ಕೆ ತಡೆ ಹಾಕುವವರು ಕಾನೂನು ತೋರಿಸಬೇಕು. 300ಎ ವಿಧಿ ಇನ್ನೂ ನೇರವಾಗಿದೆ: ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಆಸ್ತಿ ಅಂದರೆ ಹೊಲ, ಮನೆ ಮಾತ್ರ ಅಲ್ಲ. ಬಾಣಲೆಯೂ ಆಸ್ತಿಯೇ.

ಪಂಜಾಬಿನ ಬರ್ನಾಲದಲ್ಲಿ ಸರ್ಕಾರಿ ಜಾಗದಲ್ಲಿ ಅನುಮತಿ ಪಡೆದು ಕಟ್ಟಿದ ಒಂದು ಧರ್ಮಶಾಲೆ ಇತ್ತು. ಅದನ್ನು ನಡೆಸುತ್ತಿದ್ದವರನ್ನು ಅಧಿಕಾರಿಗಳು ಪೊಲೀಸರ ಬಲದಿಂದ ಹೊರಗೆ ಹಾಕಿದರು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಜಾಗ ಸರ್ಕಾರದ್ದೇ ಇರಲಿ, ಕಾನೂನಿನ ದಾರಿ ಬಿಟ್ಟು ಬರೀ ಆದೇಶದಿಂದ ಜನರನ್ನು ಹೊರಹಾಕುವಂತಿಲ್ಲ ಅಂದಿತು. ಬಿಶನ್ ದಾಸ್ ಪ್ರಕರಣ ಅಂತ ಅದರ ಹೆಸರು. ಕಾಗದವೇ ಇಲ್ಲದ "ಮೇಲಿನ ಆದೇಶ" ಇದರ ಮುಂದೆ ಹೇಗೆ ನಿಲ್ಲುತ್ತದೆ ಹೇಳಿ?

ನಿಮಗಂತೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೇ ಇದೆ. ಎಬ್ಬಿಸುವುದಾದರೆ 30 ದಿನದ ನೋಟಿಸ್ ಬೇಕು. ಸಾಮಾನು ಹಿಡಿದರೆ ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿಯನ್ನು ಕೊಡಬೇಕು. ವಾಪಸ್ ಕೊಡಿ ಅಂತ ಕೇಳಿದರೆ ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದಲ್ಲಿ ಬಿಡಬೇಕು. ಇನ್ನು ಪ್ರಮಾಣಪತ್ರದ ಷರತ್ತು ಮೀರಿದರೂ ದಂಡ ₹2,000 ದಾಟುವಂತಿಲ್ಲ. ಅವರು ಮೂರು ಸಾವಿರ ತೆಗೆದುಕೊಂಡದ್ದು ಯಾವ ಲೆಕ್ಕ?

ಬರವಣಿಗೆಯಲ್ಲಿ ಕೇಳಿ. ಯಾವ ಕಾಯ್ದೆ, ಯಾವ ಕಲಂ, ಆದೇಶದ ಸಂಖ್ಯೆ ಮತ್ತು ದಿನಾಂಕ, ಇಷ್ಟೇ ಸಾಕು. ಜಗಳ ಬೇಡ, ದನಿಯೂ ಏರಿಸಬೇಡಿ. ಆದರೆ ಟಪಾಲು ಶಾಖೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಹೊಸ ವಕೀಲೆ

ಅಜ್ಜ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಕಾಯ್ದೆ ಇದೆ ಅಂದ ಮಾತ್ರಕ್ಕೆ ಆ ಜಾಗ ಶಾಶ್ವತವಾಗಿ ನಿಮ್ಮದಲ್ಲ. ಬೇರೆ ಕಡೆ ಹೋಗಿ ಅನ್ನಬಹುದು, ಆದರೆ ಕ್ರಮ ಪ್ರಕಾರ. ಅರ್ಜಿಗೂ ಬಗ್ಗದಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ದಾವಣಗೆರೆಯವರಿಗೆ ಅದು ಬೆಂಗಳೂರು, ಧಾರವಾಡ ಅಲ್ಲ. ಖರ್ಚಿಗೆ ಹೆದರಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಮಂಡಕ್ಕಿ ಮನೆ ಮಗಳು

ಅಜ್ಜ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅರ್ಜಿ ಬರೆದೆ, ಅಮ್ಮ ಸಹಿ ಹಾಕಿದರು. ಕಲಂ ಯಾವುದು ಅಂತ ಓದಿದ ಮೇಲೆ ಅಲ್ಲಿದ್ದವರು ಸ್ವಲ್ಪ ಹೊತ್ತು ಒಳಗೆ ಹೋಗಿ ಬಂದರು. ಒಲೆ, ಸಿಲಿಂಡರ್, ಬಾಣಲೆ ಕೊಟ್ಟರು. ಹಿಟ್ಟು ಹುಳಿ ಬಂದು ಹೋಗಿತ್ತು. ದುಡ್ಡಿನ ವಿಚಾರಕ್ಕೆ ಸೋಮವಾರ ಬನ್ನಿ ಅಂದಿದ್ದಾರೆ. ಮುದ್ರೆ ಹಾಕಿದ ಪ್ರತಿ ನನ್ನ ಹತ್ತಿರ ಇದೆ. ಹೋಗಿ ಬಂದು ಬರೆಯುತ್ತೇನೆ.